ರಾಜೇಸಾಬ್ ತುಂಬದೆ ಬಿಟ್ಟ ಸೂರು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ರಾಜೇಸಾಬ್ ಎಂಬ ಬಡಗಿ ಇದ್ದಾನೆ. ವಯಸ್ಸು ಅರವತ್ತು ದಾಟಿದೆ, ಮೊಣಕಾಲು ಮಾತು ಕೇಳುವುದಿಲ್ಲ, ಏಣಿ ಹತ್ತುವುದನ್ನು ಬಿಟ್ಟು ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಾನೆ. ಓಣಿಯಲ್ಲಿ ಯಾರನ್ನು ಕೇಳಿದರೂ ಅವನ ಬಗ್ಗೆ ಎರಡು ಒಳ್ಳೆಯ ಮಾತು ಹೇಳುತ್ತಾರೆ. ಆ ಮಾತು ಅವನ ಕಿವಿಗೆ ಬಿದ್ದರೆ ತಲೆ ತಗ್ಗಿಸುತ್ತಾನೆ. ನೋಡಿದವರು ಎಷ್ಟು ವಿನಯ ಎಂದುಕೊಳ್ಳುತ್ತಾರೆ. ಅದು ವಿನಯವಲ್ಲ, ನಾಚಿಕೆ. ಅದಕ್ಕೊಂದು ಕಾರಣವಿದೆ.

ಅವನ ಕಸುಬು ಮನೆಗಳಿಗೆ ಒಳಸೂರು ಹಾಕುವುದು. ಇಳಿಜಾರು ಹೆಂಚಿನ ಚಾವಣಿಯ ಕೆಳಗೆ ಹಲಗೆ ಹೊಡೆದು, ಹಲಗೆಯ ಮೇಲೆ ಭತ್ತದ ಹೊಟ್ಟು ಹಾಸಿ, ಮೇಲಿನ ಕಾವು ಕೆಳಗೆ ಇಳಿಯದಂತೆ ಮಾಡುವುದು. ವಿದ್ಯೆ ಅಪ್ಪ ಮುಸ್ತಾಕ್ ಸಾಬನದು. ಸಿರುಗುಪ್ಪದ ಅಕ್ಕಿ ಗಿರಣಿಗಳ ಹಿಂದೆ ಗುಡ್ಡ ಬಿದ್ದಿರುತ್ತದಲ್ಲ, ಆ ಹೊಟ್ಟನ್ನು ತಂದು, ಹುಳ ಹತ್ತದಿರಲೆಂದು ಸುಣ್ಣದ ಪುಡಿ ಬೆರೆಸಿ, ಮೂರು ಬಿಸಿಲು ಒಣಗಿಸಿ, ಹಳೆಯ ಚೀಲಗಳಲ್ಲಿ ತುಂಬಿ ಚಪ್ಪಟೆಯಾಗಿ ಹೊಲಿಯಬೇಕು. ಅವನ್ನು ಗಾದಿ ಎಂದೇ ಕರೆಯುತ್ತಿದ್ದರು. ಗಾದಿಗೂ ಹೆಂಚಿಗೂ ನಡುವೆ ಒಂದು ಗೇಣು ಗಾಳಿ ಬಿಡಬೇಕು. ಕಂಪನಿಯವರ ಥರ್ಮಕೋಲು, ಗಾಜಿನ ಹತ್ತಿ ಇವೆಲ್ಲ ಬಂದ ಮೇಲೂ ಬಳ್ಳಾರಿಯ ಹಳೆಯ ಮನೆಗಳವರು ಮುಸ್ತಾಕ್ ಸಾಬನ ಹೊಟ್ಟಿನ ಗಾದಿಯನ್ನೇ ಕೇಳಿಕೊಂಡು ಬರುತ್ತಿದ್ದರು. ಮೇ ತಿಂಗಳಲ್ಲಿ ಈ ಊರಲ್ಲಿ ಹೆಂಚಿನ ಕೆಳಗೆ ಮಲಗಿ ಎದ್ದವರಿಗೆ ಅದರ ಬೆಲೆ ಗೊತ್ತು.

ಅಪ್ಪ ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದ. ಆಚಾರ್ರ ಮನೆಗಳಲ್ಲಿ ಅಡುಗೆಮನೆ, ದೇವರಮನೆ ಮಡಿಯ ಜಾಗ. "ಅವರು ಕರೆದ್ರ ಹೋಗು. ಕರೀದಿದ್ರ, ಬರ್ಲ್ಯಾ ಅಂತ ಕೇಳಾಕ ಹೋಗಬ್ಯಾಡ. ನೀ ಕೇಳಿದ್ರ ಅವರಿಗೆ ಬ್ಯಾಡ ಅನ್ನಾಕ ಸಂಕಟ, ಬಾ ಅನ್ನಾಕೂ ಸಂಕಟ." ರಾಜೇಸಾಬ್ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಇಂಥ ಮನೆಗಳಲ್ಲಿ ಅವನು ಹೊಸಿಲಾಚೆಯೇ ನಿಂತು ಅಳತೆ ತೆಗೆದುಕೊಳ್ಳುತ್ತಿದ್ದ, ಮರ್ಯಾದೆಯಿಂದ ಇರುತ್ತಿದ್ದ, ಮರ್ಯಾದೆ ಪಡೆಯುತ್ತಿದ್ದ. ಅವನು ಹೆಚ್ಚು ಮಾತಾಡುವವನಲ್ಲ. ಕೆಲಸ ಮುಗಿದಾಗ "ಆತ್ರಿ" ಎನ್ನುತ್ತಿದ್ದ. ಆಮೇಲೆ ಯಾರೂ ಏಣಿ ಹತ್ತಿ ನೋಡುತ್ತಿರಲಿಲ್ಲ. ರಾಜೇಸಾಬ್ ಆತು ಅಂದ್ರ ಆತು ಎಂಬುದು ಊರಿನ ಮಾತಾಗಿತ್ತು.

ಎರಡು ಸಾವಿರದ ಏಳನೇ ಇಸವಿ. ಗಣಿ ದುಡ್ಡು ಊರಿಗೆ ನೆರೆಯಂತೆ ನುಗ್ಗಿದ ಕಾಲ. ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ಸಾಲು ಮುರಿಯುತ್ತಿರಲಿಲ್ಲ. ಮರ, ಗಿಡ, ಎಮ್ಮೆ ಎಲ್ಲದರ ಮೈಮೇಲೂ ಕೆಂಪು ಧೂಳು. ನಿನ್ನೆವರೆಗೆ ಟೀ ಅಂಗಡಿಯಲ್ಲಿ ಬೀಡಿಗೆ ಬೆಂಕಿ ಕೇಳುತ್ತಿದ್ದವರು ಬಂಗಲೆ ಕಟ್ಟಿಸುತ್ತಿದ್ದರು. ಬಡಗಿ, ಗಾರೆಯವ, ಬಣ್ಣದವ ಯಾರೂ ಕೈಗೆ ಸಿಗುತ್ತಿರಲಿಲ್ಲ. ಆ ವರ್ಷ ಯುಗಾದಿಗೆ ಮುಂಚೆ ಸತ್ಯನಾರಾಯಣಪೇಟೆಯ ಜಯತೀರ್ಥಾಚಾರ್ರು ರಾಜೇಸಾಬನನ್ನು ಹುಡುಕಿಕೊಂಡು ಬಂದರು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ತಾತನ ಕಾಲದ ಹೆಂಚಿನ ಮನೆ ರಿಪೇರಿ ಮಾಡಿಸುತ್ತಿದ್ದರು, ಒಳಸೂರು ಆಗಬೇಕಿತ್ತು.

ಹನ್ನೊಂದು ದಿನ ರಾಜೇಸಾಬ್ ಅಲ್ಲಿ ಕೆಲಸ ಮಾಡಿದ. ಪಡಸಾಲೆ, ನಡುಮನೆ, ಎರಡು ಖೋಲಿ, ಎಲ್ಲಕ್ಕೂ ಹೊಸ ಹಲಗೆ ಹೊಡೆದ, ಗಾದಿ ಹಾಸಿದ. ಆಚಾರ್ರ ಹೆಂಡತಿ ಸೀತಾಬಾಯಿ ಹಿತ್ತಲ ಕಡೆಯಿಂದ ದಿನಾ ಮಜ್ಜಿಗೆ ಕಳಿಸುತ್ತಿದ್ದರು. ಕೊನೆಗೆ ಉಳಿದದ್ದು ಹಿಂದುಗಡೆಯ ಅಡುಗೆಮನೆ. ಅದರ ಮೂಲೆಯಲ್ಲೇ ದೇವರ ಮಂಟಪ. ಅಲ್ಲಿ ತಾತನ ಕಾಲದ ಹಲಗೆಯ ಸೂರು ಮೊದಲೇ ಇತ್ತು. ಮೇಲಿನಿಂದ ಹೆಂಚು ಸರಿಸಿ ಗಾದಿ ಇಳಿಸಿದರೆ ಆಗಿಹೋಗುವ ಕೆಲಸ. ಆದರೆ ಹೊಗೆ ಹಿಡಿದು ಕಪ್ಪಾದ ಆ ಹಳೆಯ ಹಲಗೆಗಳ ನಡುವೆ, ಕೆಳಗಿನಿಂದ ಕಾಣದಿದ್ದರೂ, ಬೆರಳು ಹೋಗುವಷ್ಟು ಸಂದು. ಒಳಗಿನಿಂದ ಪಟ್ಟಿ ಹೊಡೆದು ಅದನ್ನು ಮುಚ್ಚದಿದ್ದರೆ ಹೊಟ್ಟು, ಸುಣ್ಣ ಎಲ್ಲ ಅನ್ನದ ಪಾತ್ರೆಗೆ ಉದುರುತ್ತದೆ. ಒಳಗಿನಿಂದ ಎಂದರೆ ಒಳಗೆ ಹೋಗಬೇಕು. ಯಾರೂ ಕರೆಯಲಿಲ್ಲ, ಅವನು ಕೇಳಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಮಠಕ್ಕೆ ಹೊರಟು ನಿಂತಿದ್ದರು. ಸೀತಾಬಾಯಿಯ ಕೈಯಲ್ಲಿ ಮಡಿಬಟ್ಟೆ ಮುಚ್ಚಿದ ಬುಟ್ಟಿ. ಯಾವುದೋ ಆರಾಧನೆ ಇರಬೇಕು ಎಂದುಕೊಂಡ ರಾಜೇಸಾಬ್. ಆಚಾರ್ರು ಬೀಗದ ಕೈ ಕೊಟ್ಟು, "ಸಂಜೀತನಕ ಮನಿ ಪೂರಾ ನಿನ್ನ ಕೈಯಾಗ ಅದ ನೋಡಪಾ" ಎಂದು ಹೇಳಿ ಹೋದರು. ಅವನು ನಡುಮನೆಯ ಅಂಚುಪಟ್ಟಿ ಹೊಡೆಯುತ್ತ ಮುಂದುಗಡೆಯೇ ಉಳಿದ. ಹಿಂದಕ್ಕೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಬಾಗಿಲಲ್ಲಿ ಜೀಪು ಬಂದು ನಿಂತಿತು. ಕುರುಗೋಡಿನ ದೊಡ್ಡಬಸಪ್ಪ ಕಳಿಸಿದ್ದು. ಎರಡು ಲಾರಿಯಿಂದ ಶುರುಮಾಡಿ ಎರಡೇ ವರ್ಷಕ್ಕೆ ನಲವತ್ತು ಲಾರಿಗಳ ಧಣಿಯಾದ ಮನುಷ್ಯ. ಟೀವಿಯಲ್ಲಿ ಕಂಡ ಯಾವುದೋ ಫಾರಿನ್ ಮನೆ ನೋಡಿ ಇಳಿಜಾರು ಚಾವಣಿಯ ಬಂಗಲೆ ಎಬ್ಬಿಸಿದ್ದ. ಹೈದರಾಬಾದಿನಿಂದ ಬಂದಿದ್ದ ಸೀಲಿಂಗಿನವರು ಅರ್ಧಕ್ಕೇ ಬಿಟ್ಟು ಓಡಿದ್ದರು. ಗೃಹಪ್ರವೇಶಕ್ಕೆ ಆರೇ ದಿನ. "ಈಗಿಂದೀಗ ಬಾ ಅಂದಾರ ಧಣಿ. ಇಲ್ಲಾಂದ್ರ ಗಂಗಾವತಿ ಮೇಸ್ತ್ರಿಗೆ ಹೇಳ್ತಾರಂತ" ಎಂದ ಡ್ರೈವರ್. ಅಂಥ ಬಂಗಲೆಯ ಕೆಲಸ ರಾಜೇಸಾಬನ ಜನ್ಮದಲ್ಲೇ ಸಿಕ್ಕಿರಲಿಲ್ಲ. ಆಸೆಗೆ ಬಿದ್ದ. ಬಿದ್ದದ್ದು ತಪ್ಪು ಎಂದು ಯಾರೂ ಅನ್ನುವಂತಿಲ್ಲ. ಆ ವರ್ಷ ಬಳ್ಳಾರಿಯಲ್ಲಿ ಆಸೆಗೆ ಬೀಳದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ತಪ್ಪು ಆಮೇಲಿನದು. ಐದು ಗಂಟೆಗೆ ಆಚಾರ್ರು ಮರಳಿದರು. ಬೀಗದ ಕೈ ತೆಗೆದುಕೊಳ್ಳುತ್ತ, "ಅಡಗಿಮನೀದೂ ಆತೇನು?" ಎಂದು ಕೇಳಿದರು. ನಿಜ ಹೇಳಿದ್ದರೆ ನಾಳೆ ಒಂದು ದಿನ ಬೇಕಾಗುತ್ತಿತ್ತು. ಬಾಗಿಲಾಚೆ ಜೀಪು ಹಾರ್ನ್ ಹೊಡೆಯಿತು.

"ಆತ್ರಿ" ಎಂದ ರಾಜೇಸಾಬ್.

ಉಳಿದ ಎಂಟು ಗಾದಿಗಳನ್ನು ಅಲ್ಲೇ ಬಿಟ್ಟರೆ ಸುಳ್ಳು ಬಯಲಾಗುತ್ತದೆಂದು, ಹೆಚ್ಚಾಗಿ ಮಿಕ್ಕವೆಂಬಂತೆ ಜೀಪಿನಲ್ಲಿ ಹಾಕಿಕೊಂಡು ಹೋದ. ವಾರದಲ್ಲಿ ಬಂದು ಏನಾದರೂ ನೆಪ ಹೇಳಿ ಮುಗಿಸಿಬಿಡುತ್ತೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಗಾದಿಗಳು ಎಲ್ಲಿಗೆ ಹೋದವು ಗೊತ್ತೇ? ದೊಡ್ಡಬಸಪ್ಪ ಸೆಕೆ ತಾಳದ ಜಾತಿಯ ಉದ್ದ ಕೂದಲಿನ ನಾಯಿಯೊಂದನ್ನು ತರಿಸಿದ್ದ. ಅದರ ಗೂಡಿನ ತಗಡಿನ ಕೆಳಗೆ ಹಾಸಲಿಕ್ಕಾದವು. ನಾಯಿ ತಂಪಾಗಿ ಮಲಗಿತು. ಆ ಬಂಗಲೆ ನೋಡಿದವರು ಇನ್ನೊಂದಕ್ಕೆ ಕರೆದರು, ಅದನ್ನು ನೋಡಿದವರು ಮತ್ತೊಂದಕ್ಕೆ. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಸತ್ಯನಾರಾಯಣಪೇಟೆಯ ಕಡೆ ಕೆಲಸ ಬಂದರೆ ಅವನು ಬೇರೆಯವರನ್ನು ಕಳಿಸುತ್ತಿದ್ದ.

ಮರುವರ್ಷದ ಮೇ ತಿಂಗಳಲ್ಲಿ ಆಚಾರ್ರೇ ಮತ್ತೆ ಕೌಲ್ ಬಜಾರಿಗೆ ಬಂದರು. ಮಂಗಗಳು ಹೆಂಚು ಒಡೆದಿದ್ದವು. "ನಿನ್ನ ಬಿಟ್ಟು ಇನ್ನೊಬ್ಬರನ್ನ ಮ್ಯಾಲೆ ಹತ್ತಿಸ್ಲಿಕ್ಕೆ ಮನಸಿಲ್ಲಪಾ" ಎಂದರು. ರಾಜೇಸಾಬ್ ಏಣಿ ತೆಗೆದುಕೊಂಡು ಹೊರಟ.

ಹೋದಾಗ ಸೀತಾಬಾಯಿ ಪಡಸಾಲೆಯ ಕಂಬಕ್ಕೊರಗಿ ಕೂತಿದ್ದರು. ನೆತ್ತಿಯ ಮೇಲೆ ಒದ್ದೆ ಬಟ್ಟೆ. ಒಂದೇ ವರ್ಷದಲ್ಲಿ ಅರ್ಧಕ್ಕಿಳಿದಿದ್ದರು, ಕೈಬಳೆಗಳು ಮೊಣಕೈತನಕ ಜಾರುತ್ತಿದ್ದವು. ರಾಜೇಸಾಬ್ ಗಾಬರಿಯಾದ.

"ಏನಾತ್ರೀ ಅಮ್ಮಾರೆ, ಹಿಂಗ್ಯಾಕ ಆಗೀರಿ?"

"ಏನು ಹೇಳ್ಲಪಾ. ನಿನ್ನ ಕೆಲಸದಿಂದ ಮನಿ ಎಲ್ಲಾ ತಂಪಾಗೇದ. ಬಂದವರೆಲ್ಲಾ ಹೊಗಳ್ತಾರ. ನನಗೊಬ್ಬಾಕಿಗೇ ಸೆಕಿ. ಅಡಗಿಮನಿಯೊಳಗ ಕಾಲಿಟ್ರ ಸಾಕು, ಮೈಯೆಲ್ಲಾ ಬೆಂಕಿ ಬಿದ್ದಂಗ ಆಗ್ತದ. ಎರಡು ಸಲ ಎಚ್ಚರ ತಪ್ಪಿ ಬಿದ್ದೆ."

"ಡಾಕ್ಟರ್‌ಗೆ ತೋರಿಸಿದ್ವಿ" ಎಂದರು ಆಚಾರ್ರು. "ರಕ್ತ ನೋಡಿದ್ರು, ಬಿ.ಪಿ. ನೋಡಿದ್ರು, ಎಲ್ಲಾ ಸರಿ ಅದ ಅಂತಾರ. ಮನಸಿಂದು ಅಂತ ಗುಳಿಗಿ ಕೊಟ್ಟಾರ. ಮೊದಮೊದಲು ನಾನೂ ಅಂದೆ, ಸೂರು ಏನರೆ ಹೆಚ್ಚುಕಡಿಮಿ ಆಗೇದೇನು ನೋಡಸೋಣ ಅಂತ. ಇಕಿನೇ ಕೇಳ್ಲಿಲ್ಲ. ರಾಜೇಸಾಬ ಆತು ಅಂದಾನ, ಅಂವ ಸುಳ್ಳು ಹೇಳೂದಿಲ್ಲ, ನನ್ನ ಮೈಯೊಳಗೇ ಏನೋ ಅದ ಅಂದಳು."

ರಾಜೇಸಾಬನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಏಣಿ ಹತ್ತಿದ. ಅಡುಗೆಮನೆಯ ಮೇಲಿನ ಹೆಂಚು ಸರಿಸಿ ಕೈ ಹಾಕಿದಾಗ ಒಳಗಿನ ಗಾಳಿ ಬಾಣಲೆಯ ಹಬೆಯಂತೆ ಮುಖಕ್ಕೆ ಹೊಡೆಯಿತು. ಮೊದಲಾದರೆ ಆ ಕಾವು ಮನೆಯ ಉದ್ದಕ್ಕೂ ಹಂಚಿಹೋಗುತ್ತಿತ್ತು. ಅವನು ಉಳಿದ ಖೋಲಿಗಳನ್ನೆಲ್ಲ ಮುಚ್ಚಿದ್ದರಿಂದ, ದಾರಿಯಿಲ್ಲದೆ ಅದೆಲ್ಲ ಇಲ್ಲಿ ಬಂದು ಕೂತಿತ್ತು, ಸರಿಯಾಗಿ ಸೀತಾಬಾಯಿಯ ಒಲೆಯ ಮೇಲೆ. ಅವನು ಬರೀ ಕೆಲಸ ಬಿಟ್ಟಿರಲಿಲ್ಲ, ಇಡೀ ಮನೆಯ ಬೇಗೆಯನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದ್ದ. ಆ ಹೆಂಗಸು ಅವನ ಒಂದು ಮಾತನ್ನು ನಂಬಿ ತನ್ನ ಮೈಯನ್ನೇ ಅನುಮಾನಿಸಿದ್ದರು.

ಕೆಳಗಿಳಿದು, ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. "ಅಡಗಿಮನಿ ಮ್ಯಾಲೆ ಮಂಗ್ಯಾಗಳು ಹೊಟ್ಟು ಕೆದರಿಬಿಟ್ಟಾವ್ರಿ. ಹೊಸಾದು ತಂದು ಹಾಕ್ತೀನಿ" ಎಂದ. ಮಾಡಿದ ತಪ್ಪನ್ನು ಮಂಗನ ಮೇಲೆ ಹಾಕುವ ಮಟ್ಟಕ್ಕೆ ಇಳಿದಿದ್ದ.

ಮನೆಯಲ್ಲಿ ಹೆಂಡತಿ ಚಾಂದಬೀ ರೊಟ್ಟಿ ಬಡಿಸಿದರೆ ತಟ್ಟೆ ಮುಂದಿಟ್ಟುಕೊಂಡು ಕೂತ. ಮೂರು ಸಲ ಕೇಳಿದ ಮೇಲೆ ಬಾಯಿಬಿಟ್ಟ. ಚಾಂದಬೀ ಮುಲಾಜಿನ ಹೆಂಗಸಲ್ಲ. "ಹೊಟ್ಟು ಹಾಕಿ ಬರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆಯಮ್ಮ ಇನ್ನೂ ರೋಗ ಐತಿ ಅಂತ ಗುಳಿಗಿ ನುಂಗ್ತಾಳಲ್ಲ, ಅದಕ್ಕೇನು ಮಾಡ್ತೀರಿ? ಹೊಟ್ಟಿಲೆ ಅದನ್ನೂ ಮುಚ್ತೀರೇನು?" ಎಂದು ಕೇಳಿ ಒಳಗೆ ಎದ್ದು ಹೋದಳು.

ಮರುದಿನ ಸಿರುಗುಪ್ಪದ ಬಸ್ಸು ಹತ್ತಿದ. ಬೇರೆ ಸಲವಾದರೆ ಫೋನು ಮಾಡಿ ಲೋಡು ತರಿಸುತ್ತಿದ್ದ. ಈ ಸಲ ತನ್ನ ಕೈಯಾರೆ ಆರಿಸಬೇಕೆನ್ನಿಸಿತು. ಗಿರಣಿಯ ಗಾದೆಪ್ಪ ಅಪ್ಪನ ಕಾಲದಿಂದಲೂ ಪರಿಚಯದವನು. ರಾಜೇಸಾಬ್ ಹೊಟ್ಟಿನ ರಾಶಿಯಲ್ಲಿ ಮೊಣಕಾಲೂರಿ ನುಚ್ಚು, ಕಲ್ಲು ಹೆಕ್ಕುವುದನ್ನು ನೋಡಿ ಅಲ್ಲಿದ್ದವರಿಗೆ ಕೂಗಿ ಹೇಳಿದ, "ನೋಡ್ರಲೇ, ಕೆಲಸ ಅಂದ್ರ ಹಿಂಗಿರಬೇಕು. ಈಟು ನಿಯತ್ತಿನ ಮನಷ್ಯಾ ಬಳ್ಳಾರ್ಯಾಗ ಇನ್ನೊಬ್ಬ ಇಲ್ಲ." ರಾಜೇಸಾಬ್ ಮುಖ ಎತ್ತಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹೊಗಳಿಕೆ ಕೇಳಿ ಅವತ್ತು ಅವನ ಕಣ್ಣಲ್ಲಿ ನೀರು ಬಂತು, ಹೊಟ್ಟಿನ ಧೂಳು ಎಂದು ಒರೆಸಿಕೊಂಡ.

ಮೂರು ಬಿಸಿಲು ಒಣಗಿಸಿ, ಗಾದಿ ಹೊಲಿದು, ನಾಲ್ಕನೆಯ ದಿನ ಬೆಳಿಗ್ಗೆ ಸತ್ಯನಾರಾಯಣಪೇಟೆಗೆ ಹೋದ. ಆಚಾರ್ರು ಪೇಟೆಗೆ ಹೋಗಿದ್ದರು. ರಾಜೇಸಾಬ್ ಅಡುಗೆಮನೆಯ ಹೊಸಿಲಿನ ಹೊರಗೆ ನಿಂತು, ಜನ್ಮದಲ್ಲಿ ಮೊದಲ ಸಲ ಅಪ್ಪನ ಮಾತು ಮೀರಿ ಕೇಳಿದ.

"ಅಮ್ಮಾರೆ, ಹಲಗಿ ಸಂದಿಗೆ ಒಳಗಿಂದ ಪಟ್ಟಿ ಹೊಡಿಬೇಕಾಗೈತ್ರಿ. ಒಳಗ ಬರಬೇಕಾಗ್ತೈತಿ."

"ಬಾರಪಾ, ಅದಕ್ಕೇನು ಕೇಳ್ತಿ? ಹ್ವಾದ ವರ್ಷ ನೀನು ಬರ್ಲಿ ಅಂತನ ದೇವರನ್ನ ಬುಟ್ಟಿಯೊಳಗ ಇಟಗೊಂಡು ಮಠಕ್ಕ ಒಯ್ದಿದ್ದೆ. ಡಬ್ಬಿ ಪಾತ್ರಿ ಎಲ್ಲಾ ಹಿತ್ತಲಕ್ಕ ಸಾಗಿಸಿ, ಬಾಗಲಾ ತೆಗದಿಟ್ಟು ಹೋಗಿದ್ದೆ. ಇವರು ನಿನಗ ಹೇಳಿದ್ರಲ್ಲ, ಮನಿ ಪೂರಾ ನಿನ್ನ ಕೈಯಾಗ ಅದ ಅಂತ."

ರಾಜೇಸಾಬ್ ಕೈಯಲ್ಲಿದ್ದ ಪಟ್ಟಿಗಳನ್ನು ಗೋಡೆಗೆ ಒರಗಿಸಿದ. ಅವತ್ತು ಹಿಂದಕ್ಕೆ ಹತ್ತು ಹೆಜ್ಜೆ ಬಂದಿದ್ದರೆ ತೆರೆದ ಬಾಗಿಲು, ಖಾಲಿ ಖೋಲಿ ಕಾಣುತ್ತಿತ್ತು. ಅವರು ಕರೆಯಲಿಲ್ಲ ಎಂಬುದೊಂದೇ ಒಂದು ವರ್ಷದಿಂದ ಅವನಿಗೆ ಉಳಿದಿದ್ದ ನೆಪ. ಅದೂ ಹೋಯಿತು.

ಸೀತಾಬಾಯಿ ಮಾತು ನಿಲ್ಲಿಸಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ದನಿ ಇಳಿಸಿದರು. "ನಿನಗೊಂದು ಹೇಳಬೇಕು ರಾಜೇಸಾಬ. ಇವರಿಗೂ ಹೇಳಿಲ್ಲ. ಅವತ್ತು ಸಂಜಿಗೆ ನೀನು ಹೋದಮ್ಯಾಲೆ, ನಾನು ಬಾಗಲಾ ಹಾಕ್ಕೊಂಡು ಈ ಖೋಲಿ ಪೂರಾ ತೊಳದೆ. ನೀನು ತುಳದ ಜಾಗಾ ಅಂತ, ಗೋಮೂತ್ರ ಹಾಕಿ ಮೂರು ಸಲ ತೊಳದೆ. ಹನ್ನೊಂದು ದಿವಸ ನಮ್ಮ ಸಲುವಾಗಿ ಬಿಸಲಾಗ ಬೆಂದಂವ ನೀನು. ಮರುದಿವಸದಿಂದನ ನನಗ ಈ ಉರಿ ಹತ್ತಿತು. ಅವತ್ತೇ ನನಗ ತಿಳೀತು, ಇದು ಆ ಪಾಪದ್ದು ಅಂತ. ಒಂದು ವರ್ಷ ಆತು, ದಿನಾ ಒಲಿ ಮುಂದ ನಿಂತು ಮನಸಿನ್ಯಾಗ ನಿನಗ ತಪ್ಪಾತು ಅಂತ ಹೇಳ್ತೀನಿ. ಇವತ್ತು ಬಾಯಿಬಿಟ್ಟು ಹೇಳ್ಲಿಕ್ಕೆ ಹತ್ತೀನಿ. ನೊಂದ್ಕೋಬ್ಯಾಡಪಾ."

ಅರವತ್ತೈದು ವರ್ಷದ ಹೆಂಗಸು ಅವನ ಮುಂದೆ ಕೈಜೋಡಿಸಿದ್ದರು. ರಾಜೇಸಾಬನಿಗೆ ಆ ಕೈಗಳನ್ನು ನೋಡಲಾಗಲಿಲ್ಲ.

"ಕೈ ಬಿಡ್ರಿ ಅಮ್ಮಾರೆ" ಎಂದ. "ನಾನು ಅವತ್ತು ಒಳಗ ಬಂದೇ ಇಲ್ರಿ."

"ಅಂದ್ರ?"

"ಇಲ್ಲಿ ಹೊಟ್ಟು ಹಾಕೇ ಇಲ್ಲ. ಕುರುಗೋಡಿನ ಜೀಪು ಬಂದಿತ್ತು, ಅರ್ಜೆಂಟಿತ್ತು, ಆಚಾರ್ರು ಕೇಳಿದಾಗ ಆತ್ರಿ ಅಂದೆ. ಸುಳ್ಳು ಹೇಳಿದೆ. ಮೊನ್ನೆ ಮಂಗ್ಯಾ ಅಂದದ್ದೂ ಸುಳ್ಳು. ಎಲ್ಲಾ ಕಡಿ ಮುಚ್ಚಿ ಇದೊಂದ ಬಿಟ್ಟಿದ್ದಕ್ಕ ಬಿಸಿಲಿನ ಕಾವೆಲ್ಲಾ ನಿಮ್ಮ ತಲಿ ಮ್ಯಾಲೆ ನಿಂತೈತಿ. ನಿಮಗ ರೋಗ ಇಲ್ಲ. ಪಾಪಾನೂ ಇಲ್ಲ. ಇದ್ರ ನಂದ್ರಿ."

ಸೀತಾಬಾಯಿ ತಲೆ ಎತ್ತಿ ಮೇಲಿನ ಹಲಗೆಗಳನ್ನು ನೋಡಿದರು. ಬೈಯಲಿ ಎಂದು ಅವನು ಕಾದ. ಅವರು ಕೇಳಿದ್ದು ಇಷ್ಟೇ, "ಹಂಗಾದ್ರ ನನಗ ಏನೂ ಆಗಿಲ್ಲೇನು?"

"ಏನೂ ಆಗಿಲ್ರಿ."

ಅವರು ಅಲ್ಲೇ ನೆಲಕ್ಕೆ ಕುಸಿದು ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಸಿಟ್ಟಿಗೋ ಸಮಾಧಾನಕ್ಕೋ ರಾಜೇಸಾಬನಿಗೆ ತಿಳಿಯಲಿಲ್ಲ. ಆಮೇಲೆ ಎದ್ದು, ದೇವರನ್ನು ಬುಟ್ಟಿಯಲ್ಲಿಟ್ಟು ನಡುಮನೆಗೆ ಒಯ್ದರು; ಪಾತ್ರೆಗಳನ್ನು ಹಿತ್ತಲಿಗೆ ಸಾಗಿಸಿದರು. ಅವನು ಚಪ್ಪಲಿ ಬಿಟ್ಟ ಕಾಲನ್ನು ಮತ್ತೊಮ್ಮೆ ತೊಳೆದುಕೊಂಡು ಒಳಗೆ ಹೋಗಿ ಪಟ್ಟಿ ಹೊಡೆದ, ಮೇಲೆ ಹತ್ತಿ ಗಾದಿ ಹಾಸಿದ. ಮಧ್ಯಾಹ್ನ ಮಜ್ಜಿಗೆ ಬರಲಿಲ್ಲ. ಬರಬೇಕೆಂದು ಅವನೂ ಬಯಸಲಿಲ್ಲ.

ಮೂರು ಗಂಟೆಗೆ ಹೆಂಚು ಮುಚ್ಚಿ ಕೆಳಗಿಳಿದ. ಸೀತಾಬಾಯಿ ಖೋಲಿಯೊಳಗೆ ಹೋಗಿ ಸ್ವಲ್ಪ ಹೊತ್ತು ನಿಂತು ನೋಡಿದರು. "ಕಮ್ಮಿ ಆಗೇದ" ಎಂದರು. ಆಮೇಲೆ ಬಚ್ಚಲಿನಿಂದ ಒಂದು ಕೊಡ ನೀರು ತಂದು ಹೊಸಿಲಲ್ಲಿ ಇಳಿಸಿ, ಅವನ ಕಡೆ ಒಮ್ಮೆ ನೋಡಿದರು. ಖೋಲಿ ತೊಳೆದದ್ದೇ ಪಾಪವೆಂದು ಒಂದು ವರ್ಷ ಹೆದರಿದ್ದರು; ಅದಕ್ಕೆ ದೇವರು ಏನೂ ಮಾಡಿರಲಿಲ್ಲ ಎಂಬುದು ಅವರಿಗೆ ಈಗ ಗೊತ್ತಾಗಿತ್ತು. ಗೊತ್ತು ಮಾಡಿಕೊಟ್ಟವನು ಅವನೇ. ಸೀತಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರು ಹೊಯ್ದು, ಖೋಲಿ ತೊಳೆಯತೊಡಗಿದರು. ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ.

ರಾಜೇಸಾಬ್ ಹಿತ್ತಲಲ್ಲಿ ಏಣಿ ಹಿಡಿದುಕೊಂಡು ನಿಂತೇ ನೋಡಿದ. ತಾನು ಕಾಲಿಟ್ಟ ಜಾಗದ ಮೇಲೆ ನೀರು ಬಿದ್ದಾಗ ಎದೆ ಚುಳ್ ಎಂದದ್ದು ನಿಜ. ಆದರೆ ಬ್ಯಾಡ್ರಿ ಅಮ್ಮಾರೆ ಎನ್ನಲು ಅವನಿಗೆ ಬಾಯಿ ಉಳಿದಿರಲಿಲ್ಲ. ಏಣಿಯನ್ನು ಹೆಗಲಿಗೇರಿಸಿಕೊಂಡು, ಆತ್ರಿ ಎಂದೂ ಹೇಳದೆ, ಹಿಂದಿನ ಬಾಗಿಲಿನಿಂದ ಹೊರಟುಹೋದ.